ಹನಿ ಒಣಗುವ ಮುನ್ನ

ಸ್ಟೀಲ್ ಸಿಂಕು ತನ್ನ ಆಯುಷ್ಯದಲ್ಲಿ ನಿಜವಾಗಿ ಫಳಫಳ ಹೊಳೆಯುವುದು ಅಂಗಡಿಯಲ್ಲಿದ್ದಷ್ಟು ದಿನ ಮಾತ್ರ. ಅಲ್ಲಿ ಅದನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ. ಮೇಲಿನ ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆ ಸುಲಿದು, ಒಳಗೆ ನಮ್ಮ ಮುಖ ಕಾಣುವಂತೆ ತೋರಿಸುತ್ತಾರೆ. ತಗಡು ಎಷ್ಟು ದಪ್ಪ, ಪಾತ್ರೆ ಬಿದ್ದರೆ ಸದ್ದಾಗದಂತೆ ಕೆಳಗೆ ಏನು ಅಂಟಿಸಿದ್ದಾರೆ, ಎಷ್ಟು ವರ್ಷದ ಗ್ಯಾರಂಟಿ ಎಂದೆಲ್ಲ ಅಂಗಡಿಯವನು ವಿವರಿಸುತ್ತಾನೆ. ಹೇಳದೆ ಬಿಡುವುದು ಒಂದೇ ಸಂಗತಿ: ಆ ಅಂಗಡಿಯ ಸಿಂಕುಗಳಿಗೆ ನೀರಿನ ಸಂಪರ್ಕವಿಲ್ಲ.

ಮನೆಗೆ ಬಂದು, ಗ್ರಾನೈಟಿನ ನಡುವೆ ಕೂತು, ನಲ್ಲಿಯ ನೀರು ಮೈಮೇಲೆ ಬಿದ್ದ ಮೇಲೆ ಅದರ ವರಸೆಯೇ ಬೇರೆ. ರಾತ್ರಿ ತೊಳೆದು ಬಿಟ್ಟ ಸಿಂಕು ಬೆಳಿಗ್ಗೆ ಹೊತ್ತಿಗೆ ಮೈತುಂಬ ಬಿಳಿ ಚುಕ್ಕಿ ಹೊತ್ತು ಕೂತಿರುತ್ತದೆ. ಹತ್ತಿರ ಬಗ್ಗಿ ನೋಡಿದರೆ ಎಲ್ಲವೂ ಚುಕ್ಕಿಗಳಲ್ಲ. ತಳದಲ್ಲಿರುವವು ಉಂಗುರಗಳು: ಅಂಚು ಬೆಳ್ಳಗೆ, ನಡುವೆ ಖಾಲಿ. ಪಕ್ಕದ ಗೋಡೆಗಳ ಮೇಲಿನವು ಉದ್ದಕ್ಕೆ ಇಳಿದ ಗೆರೆಗಳು. ನಲ್ಲಿಯ ಬಾಯಲ್ಲಿ, ಕೊನೆಯ ಹನಿ ಬೀಳಲೋ ಬೇಡವೋ ಎಂದು ನೇತಾಡುವ ಕಡೆ, ಒರಟು ಒರಟಾದ ಒಂದು ಬಿಳಿ ಅಂಚು. ಬುಡದಲ್ಲಿ, ನಲ್ಲಿ ಕಲ್ಲನ್ನು ಮುಟ್ಟುವ ಸಂದಿಯಲ್ಲಿ, ಉಗುರು ಹಾಕಿ ಕೆರೆದರೂ ಏಳದ ಗಾರೆ.

ಇದನ್ನು ನೋಡಿದ ನೆಂಟರು ಏನೂ ಅನ್ನುವುದಿಲ್ಲ. ಕೈ ತೊಳೆಯುತ್ತ ನಲ್ಲಿಯ ಬುಡದ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ, ಆಮೇಲೆ ಟವೆಲ್ ಎಲ್ಲಿದೆ ಎಂದು ಕೇಳುತ್ತಾರೆ. ಆ ಒಂದು ಕ್ಷಣದಲ್ಲಿ ಮನೆಯೊಡತಿಯ ಅಚ್ಚುಕಟ್ಟುತನದ ವಿಚಾರಣೆ ನಡೆದು ತೀರ್ಪೂ ಆಗಿಹೋಗಿರುತ್ತದೆ. ನಾನು ಮೇಲ್ಮನವಿ ಸಲ್ಲಿಸಲು ಹೊರಟಿರುವುದು ಆ ತೀರ್ಪಿನ ವಿರುದ್ಧವೇ. ನೀರಿನ ಕಲೆ ಕೊಳೆಯಲ್ಲ. ತೊಳೆಯದ ಸಿಂಕಿನಲ್ಲಿ ಕಾಣುವುದು ಜಿಡ್ಡು, ಅನ್ನದಗುಳು, ಕಾಫಿ ಗಸಿ. ಬಿಳಿ ಕಲೆ ಕಾಣಬೇಕಾದರೆ ಸಿಂಕನ್ನು ಚೆನ್ನಾಗಿ, ಮತ್ತೆ ಮತ್ತೆ ತೊಳೆದಿರಬೇಕು. ತೊಳೆದಷ್ಟೂ ಕಲೆ ಹೆಚ್ಚು. ಗೃಹಕೃತ್ಯದಲ್ಲಿ ಇಷ್ಟು ಕೃತಘ್ನ ಕೆಲಸ ಇನ್ನೊಂದಿದ್ದರೆ ನನಗೆ ತಿಳಿದಿಲ್ಲ.

ಲೆಕ್ಕ ಹಾಕಿ ನೋಡಿದರೆ ನೀರಿನ ತಪ್ಪೂ ದೊಡ್ಡದಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಸಂಸ್ಥೆ ಹಾಕಿಕೊಟ್ಟ ಗೆರೆಯ ಪ್ರಕಾರ, ಒಂದು ಲೀಟರಿನಲ್ಲಿ ಕರಗಿದ ಲವಣಗಳು 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2000ದವರೆಗೂ ನಡೆಯುತ್ತದೆ. ಗಡಸುತನಕ್ಕೆ ಬೇರೆ ಲೆಕ್ಕ: 200 ಒಳ್ಳೆಯದು, 600 ಕಡೆಯ ಮಿತಿ. ಒಂದು ಮಿಲಿಲೀಟರಿಗೆ ಹೆಚ್ಚುಕಡಿಮೆ ಇಪ್ಪತ್ತು ಹನಿ ಎಂದಿಟ್ಟುಕೊಳ್ಳಿ. ಆಗ 500ರ ನೀರಿನ ಒಂದು ಹನಿ ಒಣಗಿದರೆ ಉಳಿಯುವುದು ಮಿಲಿಗ್ರಾಮಿನ ನಲವತ್ತರಲ್ಲಿ ಒಂದು ಪಾಲು. ಯಾವ ಅಕ್ಕಸಾಲಿಗನ ತಕ್ಕಡಿಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೊಳೆಯುವ ಸ್ಟೀಲಿನ ಮೇಲೆ ನಮ್ಮ ಕಣ್ಣು ತೆಗೆದುಕೊಳ್ಳುತ್ತದೆ. ಅದೇ ನೀರು ಛಾವಣಿ ಮೇಲಿನ ಸಾವಿರ ಲೀಟರಿನ ಟ್ಯಾಂಕಿನಲ್ಲಿ ತುಂಬಿದೆಯೆನ್ನಿ. ಆಗ ಅದರಲ್ಲಿ ಕರಗಿರುವುದು ಅರ್ಧ ಕೆಜಿ. ಆರು ಸಾವಿರ ಲೀಟರಿನ ಟ್ಯಾಂಕರ್ ಗೇಟಿನೊಳಗೆ ಬಂತೆಂದರೆ ನೀರಿನ ಜೊತೆ ಮೂರು ಕೆಜಿ ಕಲ್ಲೂ ಬಂತು. ಅದಕ್ಕೂ ಸೇರಿಸಿಯೇ ನಾವು ದುಡ್ಡು ಕೊಟ್ಟಿರುತ್ತೇವೆ.

ಕಲ್ಲು ಎಂದದ್ದು ಅಲಂಕಾರಕ್ಕಲ್ಲ. ಬೆಂಗಳೂರಿನಲ್ಲಿ ಇರುವವರು ಲಾಲ್‌ಬಾಗಿನ ಬಂಡೆ ಹತ್ತಿಯೇ ಹತ್ತಿರುತ್ತಾರೆ. ಕೆಂಪೇಗೌಡರ ಹೆಸರಿನ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎನ್ನುವ ಈ ಶಿಲೆಯ ಮೇಲೆಯೇ ಊರೆಲ್ಲ ಕೂತಿದೆ. ಮಳೆಯ ನೀರು ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಳ್ಳುತ್ತದೆ. ಮಣ್ಣಿಗೆ ಇಳಿದ ಮೇಲೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಉಸಿರಿನಿಂದ ಇನ್ನಷ್ಟು. ಹೀಗೆ ತುಸು ಹುಳಿಯಾದ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿಕೊಂಡು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನಾವು ಸಾವಿರ ಅಡಿ ಕೊರೆದು ಅದನ್ನು ಮೇಲೆತ್ತಿ, ಅದರಲ್ಲಿ ಒಂದು ಚಮಚ ತೊಳೆದು, ನಲ್ಲಿ ನಿಲ್ಲಿಸುತ್ತೇವೆ. ಸಿಂಕಿನಲ್ಲಿ ಉಳಿದ ಹನಿಯಿಂದ ನೀರು ಆವಿಯಾಗಿ ಹೋಗುತ್ತದೆ, ಇಂಗಾಲದ ಡೈಆಕ್ಸೈಡೂ ಬಿಟ್ಟು ಹೋಗುತ್ತದೆ. ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕೆಳಗೆ ಕೂರುತ್ತದೆ. ಲಾಲ್‌ಬಾಗಿನ ಬಂಡೆಯ ನೆಂಟನೊಬ್ಬ ನಮ್ಮ ಸಿಂಕಿನಲ್ಲಿ ಬಂದು ನೆಲೆಸಿದ ಎನ್ನಬಹುದು. ನೆಂಟರಾಗಿ ಬಂದವರನ್ನು ಹೊರಡಿಸುವುದು ಕಷ್ಟವೆಂದು ಎಲ್ಲರಿಗೂ ಗೊತ್ತೇ ಇದೆ.

ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಮೂರು ಕಡೆಯಿಂದ ನೀರು ಬರುತ್ತದೆ: ಕಾವೇರಿ, ಬೋರು, ಟ್ಯಾಂಕರು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಹರಿದು, ದಾರಿಯಲ್ಲಿ ಪಂಪುಗಳ ಬಲದಿಂದ ಐನೂರು ಮೀಟರಿನಷ್ಟು ಮೇಲೇರಿ ಬರುವ ನೀರು. ಮೊದಲ ಹಂತ 1974ರಲ್ಲಿ ಬಂತು; ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಹೊಳೆಯ ನೀರಾದ್ದರಿಂದ ಬಂಡೆಯ ಸಹವಾಸ ಕಡಿಮೆ, ಹಾಗಾಗಿ ಮೆದು. ಅದು ಬಂದ ದಿನ ಸೋಪು ಚೆನ್ನಾಗಿ ನೊರೆಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ, ಸಿಂಕಿನ ಕಲೆ ತೆಳುವಾಗಿರುತ್ತದೆ. ಬೋರಿನ ಸರದಿ ಬಂದಾಗ ಕಲೆಗೆ ಬಣ್ಣ ಏರುತ್ತದೆ. ಟ್ಯಾಂಕರಿನದು ಯಾವ ಊರಿನ ಯಾವ ಕೊಳವೆಬಾವಿಯೋ, ಅದರ ಜಾತಕ ಸಿಂಕಿನಲ್ಲಿ ಒಣಗಿದ ಮೇಲೆಯೇ ಗೊತ್ತಾಗುವುದು. ಸಂಘದ ಕಾರ್ಯದರ್ಶಿಗಳು ವಾಟ್ಸಾಪ್ ಗುಂಪಿನಲ್ಲಿ ತಿಳಿಸುವುದಕ್ಕೆ ಮೊದಲೇ, "ಇವತ್ತು ಕಾವೇರಿ ಬಂದಿಲ್ಲ" ಎಂಬ ಸುದ್ದಿ ನನಗೆ ಸಿಂಕಿನಲ್ಲಿ ಸಿಕ್ಕಿರುತ್ತದೆ.

2024ರ ಬೇಸಿಗೆ ನೆನಪಿರಬೇಕು. ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದ್ದವು. ಮಾರ್ಚಿನಲ್ಲಿ ಜಲಮಂಡಳಿಯವರು ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆಲ್ಲ ಏರೇಟರ್ ಹಾಕಿಸಲೇಬೇಕು ಎಂದು ಆದೇಶ ಹೊರಡಿಸಿದರು. ಏರೇಟರೆಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಸಣ್ಣ ಜಾಲರಿ. ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರನ್ನೇ ಧಾರಾಳವಾಗಿ ತೋರಿಸುತ್ತದೆ. ನೀರು ಉಳಿಯುವುದು ನಿಜ. ಆದರೆ ಗಡಸು ನೀರಿಗೆ ಜಾಲರಿ ಸಿಕ್ಕಿತೆಂದರೆ ಹಬ್ಬ. ಒಂದೊಂದೇ ಕಣ್ಣು ಮುಚ್ಚುತ್ತ ಬಂದು, ಒಂದು ದಿನ ನಲ್ಲಿ ನೇರಕ್ಕೆ ಬೀಳುವುದನ್ನು ಬಿಟ್ಟು ನಮ್ಮ ಹೊಟ್ಟೆಯ ಮೇಲೆ ಚಿಮ್ಮತೊಡಗುತ್ತದೆ. ನಲ್ಲಿ ಕೆಟ್ಟಿತೆಂದು ಪ್ಲಂಬರಿಗೆ ಫೋನು ಮಾಡುತ್ತೇವೆ. ಆತ ಬಂದು, ಜಾಲರಿ ಬಿಚ್ಚಿ, ಅಂಗೈಗೆ ತಟ್ಟಿ, ಉದುರಿದ ಬಿಳಿ ಚೂರುಗಳನ್ನು ತೋರಿಸಿ "ನೀರಿಂದು ಸಾರ್" ಎಂದು ಹೇಳಿ ಹೋಗುತ್ತಾನೆ. ಚೂರು ತೋರಿಸಿದ್ದಕ್ಕೂ ವಿಸಿಟಿಂಗ್ ಚಾರ್ಜು ಉಂಟು.

ಕಲೆಯ ಮೇಲಿನ ಅಭಿಪ್ರಾಯ ಅವರವರ ಊರಿನ ನೀರಿನ ಮೇಲೆ ನಿಂತಿದೆ ಎಂಬುದು ನಮ್ಮ ಮನೆಯಲ್ಲಿಯೇ ಸಿದ್ಧವಾಗಿರುವ ವಿಷಯ. ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಮಳೆಗೆ ಕಲ್ಲಿನೊಳಗೆ ಕೂತು ಹರಟುವಷ್ಟು ಪುರುಸೊತ್ತಿಲ್ಲ. ಬಿದ್ದದ್ದು ಬಿದ್ದಂತೆ ಹರಿಯುತ್ತದೆ. ಬಾವಿಯ ನೀರಿನಲ್ಲಿ ಅಷ್ಟಿಷ್ಟು ಕಬ್ಬಿಣ ಸೇರಿ ಬಕೆಟ್ಟು ಕೆಂಪಗಾದೀತೇ ಹೊರತು ಬೆಳ್ಳಗಾಗದು. ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಾಗ ಸ್ಟೀಲ್ ಲೋಟವನ್ನು ಬೆಳಕಿಗೆ ಹಿಡಿದು, "ಎಂತದೇ ಇದು, ಲೋಟಕ್ಕೆಲ್ಲ ಸುಣ್ಣ ಬಳಿದಿಟ್ಟಿದ್ದೀಯಲ್ಲೇ!" ಎಂದಳು. ಸಂಸಾರ ಮಾಡುವುದನ್ನು ಮಗಳಿಗೆ ಸರಿಯಾಗಿ ಕಲಿಸಲಿಲ್ಲವೇನೋ ಎಂಬ ಸಂಕಟ ಅವಳ ಮುಖದಲ್ಲಿತ್ತು. ಅತ್ತೆಯವರದು ಕೋಲಾರದ ಸೀಮೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು ಅದು. ಅವರು ಅದೇ ಲೋಟದಲ್ಲಿ ನೀರು ಕುಡಿದು, "ಏನಮ್ಮ, ನಮ್ಮೂರ ನೀರಿನ ಮುಂದೆ ಇದು ಎಳನೀರು" ಎಂದರು. ಸಿಂಕಿನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಅತ್ತೆಯವರ ಅನುಭವ ದೊಡ್ಡದು. ಅವರ ಬಚ್ಚಲಮನೆಯ ತಾಮ್ರದ ಹಂಡೆಯೊಳಗೆ ಕಾಯಿಸಿ ಕಾಯಿಸಿ ಬಿಳಿ ಪದರ ಕಟ್ಟುತ್ತಿತ್ತಂತೆ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಹಂಡೆ ಹೊರಗೆ ಬರುತ್ತಿತ್ತು. ಹೊರಮೈಗೆ ಹುಣಸೆಹಣ್ಣು, ಉಪ್ಪು, ಬೂದಿ. ಒಳಮೈಗೆ ಮೊದಲು ಮರದ ತುಂಡಿನಿಂದ ಪೆಟ್ಟು. ಚಕ್ಕೆಗಳು ಕಳಚಿ ಬೀಳುತ್ತಿದ್ದವಂತೆ. ಬೇಳೆ ಬೇಯಿಸುವುದಕ್ಕೆಂದು ಬೇರೆಯೇ ಸಿಹಿನೀರಿನ ಬಾವಿಯಿಂದ ಒಂದು ಕೊಡ ತರುವುದು ಅವರ ದಿನಚರಿಯಲ್ಲಿತ್ತು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನನ್ನು ಹಿಡಿದು ಬಿಗಿದುಬಿಡುತ್ತದೆ. ಎಷ್ಟು ಕುದಿಸಿದರೂ ಕಾಳು ಒಡೆಯುವುದಿಲ್ಲ. ಸೋಪಿನ ನೊರೆಯನ್ನು ಕೆಡಿಸುವುದೂ ಅದೇ, ಗೀಸರಿನ ಕಾಯಿಲಿಗೆ ಕವಚ ಹಾಕಿ ವಿದ್ಯುತ್ ಬಿಲ್ ಏರಿಸುವುದೂ ಅದೇ. ಇಷ್ಟೆಲ್ಲ ಅಪರಾಧಗಳನ್ನು ಮಾಡಿದವನ ಮೇಲೆ ನಾವು ಸಿಂಕಿಗೆ ಚುಕ್ಕಿ ಇಟ್ಟ ಸಣ್ಣ ಕೇಸು ಹಾಕಿಕೊಂಡು ಕೂತಿದ್ದೇವೆ ಎನ್ನುವುದು ಅತ್ತೆಯವರ ಮೌನದ ಅರ್ಥ.

ಅವರ ಅಡುಗೆಮನೆಯಲ್ಲಿ ಇದ್ದದ್ದು ಮೂಲೆಯ ಕಲ್ಲುಚಪ್ಪಡಿಯ ಮೋರಿ. ಅದರ ಮೇಲೆ ದಿನಾ ನೂರು ಕಲೆ ಬಿದ್ದಿರಬೇಕು, ಯಾರಿಗೂ ಕಾಣಲಿಲ್ಲ. ಕಲ್ಲಿನ ಮೇಲೆ ಕಲ್ಲು ಕೂತರೆ ಕಾಣುವುದಾದರೂ ಹೇಗೆ? ಕಲೆ ಎಂಬ ಕಷ್ಟ ಹುಟ್ಟಿದ್ದು ಹೊಳಪಿನ ಜೊತೆಗೆ. ಆ ಹೊಳಪಿಗೆ ಮೂಲಪುರುಷ ಇಂಗ್ಲೆಂಡಿನ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ. ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟು, 1913ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕು ಹಿಡಿಯುವುದಿಲ್ಲ ಎಂದು ಕಂಡುಕೊಂಡವನು. ಈಗಿನ ಸಿಂಕಿಗೆ ಬಳಸುವ ಒಳ್ಳೆಯ ಸ್ಟೀಲಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಒಂದು ಪೊರೆ ತನ್ನಷ್ಟಕ್ಕೆ ಮೂಡಿ ನಿಲ್ಲುತ್ತದೆ. ಗೀರು ಬಿದ್ದರೆ ಗಾಳಿ ತಗುಲಿ ಮತ್ತೆ ಮೂಡುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಈ ಪೊರೆಯ ವಿಷಯ ನೆನಪಿಟ್ಟುಕೊಳ್ಳಿ, ತಿಕ್ಕುವ ಮಾತು ಬಂದಾಗ ಬೇಕಾಗುತ್ತದೆ.

ಅದಕ್ಕೆ ಮುಂಚೆ ಉಂಗುರದ ಮಾತು. ಹನಿ ಒಣಗಿದರೆ ತುಂಬಿದ ಚುಕ್ಕಿ ಆಗಬೇಕಲ್ಲ, ಅಂಚೇ ಯಾಕೆ ದಪ್ಪ? ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗಲೂ ಹೀಗೆಯೇ, ಅಂಚಿನಲ್ಲಿ ಕಪ್ಪು ಗೆರೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿ, 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಹನಿಯ ಅಂಚು ತಾನು ಕೂತ ಜಾಗವನ್ನು ಬಿಟ್ಟು ಸರಿಯುವುದಿಲ್ಲ, ಕಚ್ಚಿ ಹಿಡಿದಿರುತ್ತದೆ. ಅಂಚಿನಲ್ಲಿ ಆವಿಯಾಗುವುದು ಜೋರು. ಅಲ್ಲಿ ಕಳೆದುಹೋದ ನೀರನ್ನು ತುಂಬಲು ನಡುವಿನ ನೀರು ಅಂಚಿನ ಕಡೆ ಹರಿಯುತ್ತದೆ, ಹೋಗುವಾಗ ತನ್ನಲ್ಲಿದ್ದ ಸಾಮಾನನ್ನೂ ಒಯ್ದು ಅಲ್ಲೇ ಸುರಿಯುತ್ತದೆ. ಸುಮ್ಮನೆ ಕೂತಂತೆ ಕಾಣುವ ಹನಿಯೊಳಗೆ ಇಷ್ಟು ಓಡಾಟ! ಇದನ್ನು ಓದಿದ ಮೇಲೆ ಸಿಂಕಿನ ಉಂಗುರಗಳ ಮೇಲೆ ನನಗೆ ಗೌರವ ಹೆಚ್ಚಿತು. ತಿಕ್ಕುವ ಕೆಲಸವೇನೂ ಕಡಿಮೆಯಾಗಲಿಲ್ಲ.

ತಿಕ್ಕುವುದಕ್ಕೆ ಒಬ್ಬೊಬ್ಬರದು ಒಂದೊಂದು ಮದ್ದು. ಸಬೀನಾ, ಪೀತಾಂಬರಿ, ವಿನಿಗರ್, ಅಡುಗೆ ಸೋಡಾ, ಹಲ್ಲುಜ್ಜುವ ಪೇಸ್ಟು, ರಂಗೋಲಿ ಪುಡಿ ಎಲ್ಲಕ್ಕೂ ಭಕ್ತರಿದ್ದಾರೆ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಪ್ರಶ್ನೆ ಸರಳ. ಸುಣ್ಣದ ಜಾತಿಯ ಕಲೆಗೆ ಹುಳಿಯೇ ಔಷಧ. ಸೋಪು ಜಿಡ್ಡನ್ನು ಒಯ್ಯುತ್ತದೆ, ಸುಣ್ಣಕ್ಕೆ ಅದರ ಭಯವಿಲ್ಲ. ವಿನಿಗರಿನ ಜೊತೆ ಸೋಡಾ ಬೆರೆಸಿ ಬುರುಬುರು ನೊರೆ ಬರಿಸಿ ಸಂಭ್ರಮಿಸುವವರು, ಎರಡೂ ಒಂದನ್ನೊಂದು ಕೊಂದುಕೊಂಡು ಉಳಿದ ಸಪ್ಪೆ ನೀರಿನಲ್ಲಿ ತಿಕ್ಕುತ್ತಿರುತ್ತಾರೆ. ರಂಗೋಲಿ ಪುಡಿಯಂತೂ ಬಿಳಿ ಕಲ್ಲಿನ ಪುಡಿಯೇ. ಒರಟು ಪುಡಿಯಾದರೆ ಕಲೆಯ ಜೊತೆ ಹೊಳಪೂ ಹೋಗುತ್ತದೆ.

ಚಿತ್ರಾನ್ನ ಮಾಡಿದ ದಿನ ಹಿಂಡಿ ಉಳಿದ ನಿಂಬೆ ಹೋಳು ಕೈಯಲ್ಲಿರುತ್ತದಲ್ಲ, ಅದನ್ನು ಬಿಸಾಡದೆ ನಲ್ಲಿಯ ಬುಡಕ್ಕೆ ಮಗುಚಿ ಒತ್ತಿ ನೋಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಗಾರೆಯ ಅಂಚಿನಲ್ಲಿ ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದು ಒಡೆದ ಕಡೆ ಇನ್ನೊಂದು. ಕಿವಿ ಹತ್ತಿರ ತಂದರೆ ಸಣ್ಣಗೆ ಚಿಟಿಚಿಟಿ ಸದ್ದೂ ಕೇಳುತ್ತದೆ. ಹೊರಗೆ ಬರುತ್ತಿರುವುದು ಇಂಗಾಲದ ಡೈಆಕ್ಸೈಡು. ಮಣ್ಣಿನೊಳಗೆ ಕಲ್ಲು ಕರಗಿಸಲು ನೀರು ಯಾವುದನ್ನು ಸೇರಿಸಿಕೊಂಡಿತ್ತೋ ಅದೇ. ಹತ್ತು ನಿಮಿಷ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸವರಿದರೆ ಗಾರೆ ಮೆತ್ತಗೆ ಮಣ್ಣಾಗಿ ಬರುತ್ತದೆ. ಹಟಮಾರಿ ಗಾರೆಯಾದರೆ ವಿನಿಗರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಬೇಕು. ಜಾಲರಿಯನ್ನು ಬಿಚ್ಚಿ ಬಟ್ಟಲಲ್ಲಿ ಮುಳುಗಿಸಿದರಾಯಿತು. ತಿಂಗಳುಗಟ್ಟಲೆ ಹಳೆಯ ಕಲೆಯಲ್ಲಿ ಬಂಡೆಯಿಂದ ಬಂದ ಸಿಲಿಕಾ ಕೂಡ ಸೇರಿರುತ್ತದೆ. ಅದು ಯಾವ ನಿಂಬೆಗೂ ಜಗ್ಗುವುದಿಲ್ಲ.

ಇಲ್ಲಿ ಎಚ್ಚರಿಕೆಗಳ ಪಟ್ಟಿ ಒಂದಿದೆ. ಹುಳಿಯನ್ನು ರಾತ್ರಿಯಿಡೀ ಬಿಡಬಾರದು. ನಲ್ಲಿಯ ಮೈ ಹಿತ್ತಾಳೆ; ಅದರ ಮೇಲೆ ನಿಕ್ಕಲ್, ಅದರ ಮೇಲೆ ಮೈಕ್ರಾನಿಗೂ ಕಡಿಮೆ ದಪ್ಪದ ಕ್ರೋಮಿಯಂ. ಆ ಹೊಳಪು ಒಮ್ಮೆ ಎದ್ದರೆ ತಿರುಗಿ ಬರುವುದಿಲ್ಲ. ಹಳೆಯ ಮನೆಗಳ ಅಡುಗೆ ಕಟ್ಟೆಗೆ ಹಾಕಿರುವ ಕರಿಯ ಕಡಪ ಕಲ್ಲು ಜಾತಿಯಲ್ಲಿ ಸುಣ್ಣದ ಕಲ್ಲು. ನಲ್ಲಿಗೆಂದು ಹಿಂಡಿದ ಹುಳಿ ಅದರ ಮೇಲೆ ಬಿದ್ದರೆ ಕಲ್ಲೇ ಕರಗಿ ಮಂಕಾದ ಮಚ್ಚೆ ಉಳಿಯುತ್ತದೆ. ಅಮೃತಶಿಲೆಯ ಗತಿಯೂ ಅಷ್ಟೇ. ಬಚ್ಚಲು ತೊಳೆಯುವ ಆ್ಯಸಿಡ್ಡು ಸಿಂಕಿನ ಹತ್ತಿರವೂ ಸುಳಿಯಬಾರದು. ಹಿಂದೆ ಹೇಳಿದ ಕ್ರೋಮಿಯಂ ಪೊರೆಗೆ ಕ್ಲೋರೈಡು ಶತ್ರು, ಅದು ತೂತು ಕೊರೆಯುತ್ತದೆ. ಬ್ಲೀಚಿನ ಜೊತೆ ಯಾವ ಹುಳಿಯನ್ನೂ ಸೇರಿಸಬಾರದು, ಕ್ಲೋರಿನ್ ಅನಿಲ ಎದ್ದು ಉಸಿರಿಗೆ ಅಪಾಯ. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಎಳೆಗಳು ಮುರಿದು ಸಿಂಕಿನಲ್ಲಿ ಉಳಿದು ತಾವೇ ತುಕ್ಕಾಗುತ್ತವೆ. ಆಮೇಲೆ "ಸ್ಟೀಲಿಗೂ ತುಕ್ಕು ಬಂತು" ಎಂದು ಅಂಗಡಿಯವನಿಗೆ ಬೈಗುಳ.

ಔಷಧ ಬೇಡ, ರೋಗವನ್ನೇ ತಡೆಯೋಣ ಎನ್ನುವವರಿಗೆ ಸಾಫ್ಟನರ್ ಇದೆ. ನಮ್ಮ ಸಂಘದಲ್ಲಿ ಅದನ್ನು ಹಾಕಿಸುವ ಬಗ್ಗೆ ಎರಡು ಸಾಮಾನ್ಯ ಸಭೆಗಳಾಗುವಷ್ಟು ವಾದ ನಡೆಯಿತು. ಒಳಗಿರುವ ರಾಳದ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಬದಲಿಗೆ ಸೋಡಿಯಮ್ಮನ್ನು ಬಿಡುತ್ತವೆ; ಮಣಿಗಳು ದಣಿದಾಗ ಉಪ್ಪಿನ ನೀರು ಹಾಯಿಸಿ ಅವುಗಳಿಗೆ ಜೀವ ತುಂಬಬೇಕು. ಅದಕ್ಕೇ ಸಾಫ್ಟನರ್ ಇರುವ ಕಟ್ಟಡಗಳಿಗೆ ಉಪ್ಪು ಮೂಟೆಗಟ್ಟಲೆ ಬರುತ್ತದೆ. ಹಾಕಿಸಿದ ಮೇಲೆ ಮೂರನೇ ಮಹಡಿಯ ನಿವೃತ್ತ ಇಂಜಿನಿಯರೊಬ್ಬರು ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಅದ್ದಿ, ಮೊದಲೂ ಅಷ್ಟೇ ಈಗಲೂ ಅಷ್ಟೇ, ದುಡ್ಡು ದಂಡ ಎಂದು ಸಾರಿದರು. ಮೀಟರು ಸುಳ್ಳು ಹೇಳಲಿಲ್ಲ. ಸಾಫ್ಟನರು ಲವಣವನ್ನು ತೆಗೆಯುವುದಿಲ್ಲ, ಬದಲಾಯಿಸುತ್ತದೆ. ಕಲೆ ಆಗಲೂ ಬೀಳುತ್ತದೆ. ಆದರೆ ಒದ್ದೆ ಬಟ್ಟೆ ತಾಗಿಸಿದರೆ ಸಾಕು, ಕರಗಿ ಬರುತ್ತದೆ. ಗಾರೆ ಕಟ್ಟುವುದಿಲ್ಲ. ಇದನ್ನು ಸಭೆಯಲ್ಲಿ ವಿವರಿಸುವುದು ಸಾಫ್ಟನರ್ ಕೂರಿಸುವುದಕ್ಕಿಂತ ಕಷ್ಟ.

ಸಿಂಕಿನ ಒಳಮೈಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರುವ ಉಪಾಯವೂ ಉಂಟು. ನೀರು ನಿಲ್ಲದೆ ಜಾರಿಹೋಗುತ್ತದೆ, ಒಂದೆರಡು ದಿನ ಚೆಂದ. ಆಮೇಲೆ ಎಣ್ಣೆಗೇ ಕೊಳೆ ಅಂಟಿ, ಸುಣ್ಣದ ಜೊತೆ ಜಿಡ್ಡಿನ ಚಿಂತೆಯೂ ಸೇರುತ್ತದೆ. ಈಗ ಬಂದಿರುವ ಕಪ್ಪು ನಲ್ಲಿಗಳ ಫ್ಯಾಷನ್ನಿನ ಬಗ್ಗೆ ಏನು ಹೇಳಲಿ? ಬಿಳಿ ಕಲೆ ಎದ್ದು ಕಾಣಲೆಂದೇ ಯಾರೋ ಯೋಚಿಸಿ ಬಣ್ಣ ಆರಿಸಿದ ಹಾಗಿದೆ.

ಇಷ್ಟೆಲ್ಲ ಓದಿ, ಕೇಳಿ, ತಿಕ್ಕಿ ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಕಲೆ ಬೀಳುವುದು ನೀರು ಬಿದ್ದಾಗಲ್ಲ, ನೀರು ಒಣಗಿದಾಗ. ಹನಿ ಹಸಿಯಾಗಿರುವಷ್ಟು ಹೊತ್ತು ಕ್ಯಾಲ್ಸಿಯಂ ನೀರಿನೊಳಗೇ ಇರುತ್ತದೆ, ಬಟ್ಟೆಯಿಂದ ಎತ್ತಿದರೆ ನೀರಿನ ಜೊತೆ ಎದ್ದು ಬರುತ್ತದೆ. ಒಣಗಿದ ಮರುಕ್ಷಣದಿಂದ ಅದು ಕಲ್ಲು. ಅಂದರೆ ಇಡೀ ಶಾಸ್ತ್ರವೇ ಹತ್ತಿಪ್ಪತ್ತು ನಿಮಿಷದ ಅಂತರದಲ್ಲಿದೆ. ಅದರೊಳಗೆ ಒಂದು ಹಳೆಯ ಪಂಚೆಯ ತುಂಡು ಆಡಿಸಿದರೆ ನಿಂಬೆ ಬೇಡ, ವಿನಿಗರ್ ಬೇಡ, ಸಭೆ ಬೇಡ.

ನಮ್ಮ ಮನೆಗೆಲಸಕ್ಕೆ ಬರುವಾಕೆ ಇದನ್ನು ಯಾವ ವಿಜ್ಞಾನ ಪತ್ರಿಕೆಗಿಂತಲೂ ಅಚ್ಚುಕಟ್ಟಾಗಿ ಹೇಳಿದಳು. ಸಿಂಕಿನಲ್ಲಿ ಕಲೆ ಉಳಿಯುತ್ತದಲ್ಲ ಎಂದು ನಾನು ಮೆಲ್ಲಗೆ ಪೀಠಿಕೆ ಹಾಕಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಾನು ತೊಳ್ದು ಹೋಗ್ತೀನಕ್ಕ. ಅದು ಒಣಗೋದು ನಾನು ಹೋದ್ಮೇಲೆ" ಎಂದಳು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅವಳಿಗೆ ನಮ್ಮ ಮನೆಯ ನಂತರ ಇನ್ನೂ ನಾಲ್ಕು ಮನೆಗಳ ಪಾತ್ರೆಯಿದೆ. ಹನಿ ಒಣಗುವವರೆಗೆ ಕಾಯಲು ಪುರುಸೊತ್ತಿರುವವರು ಮನೆಯೊಳಗಿರುವ ನಾವೇ. ಅವಳು ಹೋದ ಮೇಲೆ ನಾವು ಒಂದು ಲೋಟ ತೊಳೆಯುತ್ತೇವೆ, ಒಂದು ಸೇಬು ತೊಳೆಯುತ್ತೇವೆ, ಕೈ ತೊಳೆಯುತ್ತೇವೆ. ಅಷ್ಟೂ ಹನಿಗಳನ್ನು ಬೆಳಿಗ್ಗೆ ಅವಳ ಲೆಕ್ಕಕ್ಕೆ ಬರೆಯುತ್ತೇವೆ.

ಹೀಗಾಗಿ ಒಂದು ಕಾನೂನು ಮಾಡಿದೆವು. ಹಗಲೆಲ್ಲ ಸಿಂಕು ತನ್ನಿಷ್ಟದಂತೆ ಇರಲಿ. ಅಡುಗೆಮನೆ ಕೆಲಸದ ಜಾಗ, ಅಂಗಡಿಯ ಪ್ರದರ್ಶನವಲ್ಲ. ರಾತ್ರಿ ಮಾತ್ರ, ಕೊನೆಗೆ ನಲ್ಲಿ ಬಳಸಿದವರು ಒರೆಸಬೇಕು. ವಿಧಾನವನ್ನೂ ಗೊತ್ತುಮಾಡಿದೆವು. ಮೊದಲು ಅಂಗೈಯಗಲದ ಸಣ್ಣ ವೈಪರಿನಿಂದ ನೀರನ್ನು ಸಿಂಕಿನ ತಳದ ಜಾಲರಿಯ ಕಡೆಗೆ ಎಳೆಯುವುದು. ಆಮೇಲೆ ಒಣ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ, ಸ್ಟೀಲಿನ ಮೇಲಿರುವ ಸಣ್ಣ ಗೆರೆಗಳ ದಿಕ್ಕಿನಲ್ಲೇ ಒರೆಸುವುದು. ನಲ್ಲಿಯ ಕತ್ತು, ಹಿಡಿ, ಎಲ್ಲರೂ ಮರೆಯುವ ಹಿಂಭಾಗದ ಬುಡ, ಕೊನೆಗೆ ಬಾಯಲ್ಲಿ ನೇತಾಡುವ ಆ ಒಂದು ಹನಿ. ಬಟ್ಟೆ ಹಳೆಯ ಹತ್ತಿಯದಾಗಿರಬೇಕು. ಹೊಸ ಟವೆಲ್ ನೀರನ್ನು ಹೀರುವ ಬದಲು ಹರಡುತ್ತದೆ. ಬಟ್ಟೆಯನ್ನು ಒಣಹಾಕಬೇಕು, ಇಲ್ಲದಿದ್ದರೆ ಅದೇ ನಾರುತ್ತದೆ. ಎಲ್ಲ ಸೇರಿ ಹಾಲು ಉಕ್ಕುವಷ್ಟು ಹೊತ್ತೂ ಬೇಡ. ಒಂದು ವೇಳೆ ನಲ್ಲಿಯೇ ತೊಟ್ಟಿಕ್ಕುತ್ತಿದ್ದರೆ ಮಾತ್ರ ಒರೆಸುವುದು ದಂಡ. ಮೊದಲು ವಾಷರ್ ಬದಲಾಯಿಸಬೇಕು.

ಕಾನೂನು ಮೊದಲ ವಾರ ಚೆನ್ನಾಗಿ ನಡೆಯಿತು. ಸಿಂಕು ಬೆಳಿಗ್ಗೆ ಒಣಗಿ ಸ್ವಚ್ಛವಾಗಿ ಕಾಣುತ್ತಿತ್ತು. ಬುಡದ ಗಾರೆ ಹೊಸದಾಗಿ ಏಳಲಿಲ್ಲ. ಅಮ್ಮನಿಗೆ ಫೋಟೋ ಕೂಡ ಕಳಿಸಿದೆ. ಆದರೆ ಎಲ್ಲ ಕಾನೂನಿಗೂ ಒಂದು ಕಂಡಿ ಇರುತ್ತದೆ, ಅದನ್ನು ಹುಡುಕುವುದರಲ್ಲಿ ಮನೆಯವರು ವಕೀಲರಿಗಿಂತ ಚುರುಕು. ಕೊನೆಗೆ ನಲ್ಲಿ ಬಳಸಿದವರು ತಾನೇ ಒರೆಸಬೇಕಾದದ್ದು? ಊಟವಾದ ಮೇಲೆ ಯಾರೂ ನಲ್ಲಿಯನ್ನು ಮುಟ್ಟುವುದೇ ಇಲ್ಲ. ಮಗ ಮಜ್ಜಿಗೆ ಕುಡಿದ ಲೋಟವನ್ನು ತೊಳೆಯದೆ ಸಿಂಕಿನಲ್ಲಿ ಹಗುರವಾಗಿ ಇಳಿಸಿ ಹೋಗುತ್ತಾನೆ. ಅವನ ಅಪ್ಪ ಮಾತ್ರೆ ನುಂಗಿದ ಲೋಟವನ್ನು ಅದರ ಪಕ್ಕದಲ್ಲಿ ಇಡುತ್ತಾರೆ. ಕೇಳಿದರೆ, "ಒರೆಸಿದ ಸಿಂಕು ಕಣೇ, ಒದ್ದೆ ಮಾಡೋದು ಬೇಡ ಅಂತ" ಎನ್ನುತ್ತಾರೆ. ಕಾನೂನಿಗೆ ತಿದ್ದುಪಡಿ ತರುವ ಯೋಚನೆಯಲ್ಲಿದ್ದೇನೆ.